ಚಿಕ್ಕಮ್ಮನ ಕಾಗೆಕಾಲು ಲಿಪಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಓದು ಬರಹ ಬರುತ್ತಿತ್ತು, ಬುದ್ಧಿಯೊಂದು ಬರುತ್ತಿರಲಿಲ್ಲ. ಬಂದಿದ್ದರೆ ಮೂವತ್ತೊಂದು ವರ್ಷ ಪೆನ್ಸಿಲ್ ಹಿಡಿದು ದುಡಿದ ಹೆಂಗಸನ್ನು 'ಕಾಗೆಕಾಲು' ಎಂದು ಕರೆದು ಹಲ್ಲು ಕಿರಿಯುತ್ತಿರಲಿಲ್ಲ. ನಾನು ಹೇಳುತ್ತಿರುವುದು ನನ್ನ ಚಿಕ್ಕಮ್ಮನ ವಿಷಯ, ನನ್ನ ತಾಯಿಯ ತಂಗಿ. ನೂಲಿಗೆ ಬಣ್ಣ ಹಾಕುವ ಗಿರಣಿಯೊಂದರ ಕಚೇರಿಯಲ್ಲಿ ಅವಳು ಶೀಘ್ರಲಿಪಿಗಾರ್ತಿ. ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಹೇಳಿದ ವೇಗದಲ್ಲೇ ಗೆರೆ, ಕೊಕ್ಕೆ, ಚುಕ್ಕಿಗಳಲ್ಲಿ ಹಿಡಿದುಕೊಂಡು, ಆಮೇಲೆ ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಮದುವೆಯಾಗಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಎರಡು ತಗಡಿನ ಟ್ರಂಕು ಇಟ್ಟುಕೊಂಡು ಇದ್ದಳು.

ಆ ಟ್ರಂಕುಗಳ ತುಂಬ ನೋಟ್‌ಬುಕ್ಕುಗಳು. ಟೈಪ್ ಆದ ಮೇಲೆ ಕಚೇರಿಯವರಿಗೆ ಅವು ರದ್ದಿ. ಬಿಸಾಡುವ ಬದಲು ನನಗೆ ಕೊಡಿ ಎಂದು ಕೇಳಿ ತರುತ್ತಿದ್ದಳು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ನಮ್ಮಪ್ಪ ಶುರು ಮಾಡುತ್ತಿದ್ದರು. "ಏನಮ್ಮಾ, ಇವತ್ತು ಎಷ್ಟು ಕಾಗೆ ಓಡಾಡ್ತು ನಿನ್ನ ಪುಸ್ತಕದ ಮೇಲೆ?" ಅಮ್ಮನೂ ನಗುತ್ತಿದ್ದಳು. ಕೆಟ್ಟ ಕೈಬರಹಕ್ಕೆ ಕಾಗೆ ಕಾಲು ಗುಬ್ಬಿ ಕಾಲು ಎನ್ನುವುದು ನಮ್ಮಲ್ಲಿ ಹಳೆಯ ಮಾತು, ಸರಿ. ಆದರೆ ಚಿಕ್ಕಮ್ಮನದು ಕೆಟ್ಟ ಕೈಬರಹವಲ್ಲ, ಬೇರೆಯೇ ಲಿಪಿ. ಗೆರೆ ತೆಳುವಾದರೆ ಒಂದು ಅಕ್ಷರ, ಅದೇ ಗೆರೆ ದಪ್ಪವಾದರೆ ಇನ್ನೊಂದು. ಸಾಲಿನ ಮೇಲೆ ಕೂತರೆ ಒಂದು ಸ್ವರ, ಸಾಲನ್ನು ಕೊಯ್ದರೆ ಮತ್ತೊಂದು. ನಮಗೆ ಓದಲು ಬರುವುದಿಲ್ಲ ಎಂದ ಮಾತ್ರಕ್ಕೆ ಅದು ಗೀಚು ಹೇಗಾದೀತು? ನಾನು ಶಾಲೆಯಲ್ಲಿ ಭಾಷೆ ಕಲಿಸಿ ಹೊಟ್ಟೆ ಹೊರೆಯುವವಳು. ನಾನೂ ಚಿಕ್ಕಂದಿನಲ್ಲಿ ನಕ್ಕಿದ್ದೇನೆ. ಅದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಅವಳಿಗೆ ಒಂದು ನೇಮವಿತ್ತು. ಕೋಣೆಯಲ್ಲಿ ಯಾರು ಏನೇ ಆಡಿದರೂ ಅದು ನೋಟ್‌ಬುಕ್ಕಿಗೆ ಇಳಿಯಬೇಕು. ಕೆಮ್ಮಿದರೆ ಕೆಮ್ಮು, ನಡುವೆ ಫೋನು ಬಂದರೆ ಫೋನು. ಕಲಿಸಿದ ಮೇಷ್ಟರು ಹಾಗೆ ಹೇಳಿಕೊಟ್ಟಿದ್ದರಂತೆ: ಕಿವಿಗೆ ಬಿದ್ದದ್ದು ಕೈಗೆ ಇಳೀಬೇಕು, ಬೇಕೋ ಬೇಡವೋ ಅನ್ನೋದನ್ನ ಟೈಪ್ ಮಾಡುವಾಗ ನೋಡಿಕೋ. ಸಾಹೇಬರು "ಇದು ಬರ್ಕೋಬೇಡಿ" ಎಂದರೆ ಚಿಕ್ಕಮ್ಮ ಆ "ಬರ್ಕೋಬೇಡಿ"ಯನ್ನೂ ಬರೆದುಕೊಳ್ಳುತ್ತಿದ್ದಳು. ಟೈಪ್ ಮಾತ್ರ ಮಾಡುತ್ತಿರಲಿಲ್ಲ. ಮತ್ತೊಂದು ಅಭ್ಯಾಸವೂ ಇತ್ತು. ದಿನಕ್ಕೆ ನೂರು ಸಲ ಬರುವ ಮಾತುಗಳಿಗೆ ಅವಳು ಸ್ವಂತದ ಗುರುತು ಮಾಡಿಕೊಂಡಿದ್ದಳು. ಬಾಯ್ಲರ್‌ಗೆ ಒಂದು ಕೊಕ್ಕೆ, 'ತಮ್ಮ ಗಮನಕ್ಕೆ ತರಲಾಗಿದೆ' ಎಂಬ ಉದ್ದ ಬಾಲಕ್ಕೆ ಒಂದೇ ಒಂದು ಅಲೆ. ಎಲ್ಲ ಸ್ಟೆನೋಗಳೂ ಹಾಗೆ ಮಾಡುತ್ತಾರಂತೆ. ಮೂವತ್ತು ವರ್ಷ ಕಳೆಯುವ ಹೊತ್ತಿಗೆ ಒಬ್ಬೊಬ್ಬರ ಪುಸ್ತಕವೂ ಒಂದೊಂದು ಲಿಪಿಯೇ ಆಗಿಬಿಟ್ಟಿರುತ್ತದೆ.

ಅವಳು ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಬೀದಿಯವರಿಗೆ ಅರ್ಜಿಗಿರ್ಜಿ ಟೈಪ್ ಮಾಡಿಕೊಡುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಒಬ್ಬರು ಗೇಟಿನ ಹತ್ತಿರ ನಿಂತರು. ಅರವತ್ತು ದಾಟಿದ ಆಳು, ಮುಂಗೈ ಮೇಲೆಲ್ಲ ಹಳೆಯ ಸುಟ್ಟ ಕಲೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚಿಕ್ಕಮ್ಮ ಕಿಟಕಿಯಿಂದಲೇ ಗುರುತು ಹಿಡಿದಳು.

"ಬಾಯ್ಲರ್‌ನೋರಲ್ವಾ? ಬನ್ನಿ ಒಳಗೆ."

ಗಿರಣಿಗೆ ಆವಿ ಕೊಡುವ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಇವರು. ಒಂಬತ್ತು ವರ್ಷದ ಹಿಂದೆ ಹೆಚ್ಚಾದ ಆವಿಯನ್ನು ಹೊರಬಿಡುವ ಬಾಯ್ಲರ್‌ನ ಸೇಫ್ಟಿ ವಾಲ್ವ್ ಸಿಕ್ಕಿಕೊಂಡು, ಅದನ್ನು ಬಿಡಿಸಲು ಮೇಲೆ ಹತ್ತಿದವನು ಆವಿಯಲ್ಲಿ ಬೆಂದು ಸತ್ತಿದ್ದ. ಸತ್ತವನು ಇವರ ಜೊತೆ ಕೆಲಸ ಮಾಡುತ್ತಿದ್ದ ಇವರ ಹೆಂಡತಿಯ ತಮ್ಮ. ಅಕ್ಕನೇ ಸಾಕಿ ಬೆಳೆಸಿದವನು, ಅಕ್ಕನ ಮನೆಯಲ್ಲೇ ಊಟ ಮಾಡುತ್ತಿದ್ದವನು. ಗಿರಣಿಯವರು ವಿಚಾರಣೆ ಮಾಡಿ, ಬಾಯ್ಲರ್‌ನವರ ಹೇಳಿಕೆ ತೆಗೆದುಕೊಂಡು, ತಪ್ಪೆಲ್ಲ ಇವರದೇ ಎಂದು ಮನೆಗೆ ಕಳಿಸಿದ್ದರು. ಆ ಹೇಳಿಕೆಯನ್ನು ಬರೆದುಕೊಂಡವಳು ನಮ್ಮ ಚಿಕ್ಕಮ್ಮ.

ಅವರು ಚೀಲದಿಂದ ಆ ಹೇಳಿಕೆಯ ನಕಲು ತೆಗೆದರು. ನಾಲ್ಕು ಹಾಳೆ. ಮಡಿಕೆ ಬಿದ್ದು ಬಿದ್ದು ಸೀಳಿದ ಜಾಗಕ್ಕೆ ಟೇಪು ಅಂಟಿಸಿತ್ತು.

"ಕಾರ್ಮಿಕರ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ರೆ ಮತ್ತೆ ನೋಡ್ತಾರಂತೆ. ಸಂಘದ ಕಾರ್ಯದರ್ಶಿ ಹೇಳಿದ್ರು. ನಂಗೆ ಕೆಲಸ ಬೇಡಮ್ಮಾ, ಏನೂ ಬೇಡ. ಇದರಲ್ಲಿ ಒಂದು ಸಾಲಿದೆ. ಅದನ್ನ ತೆಗೆಸಿಕೊಡಿ."

"ಯಾವ ಸಾಲು?"

"ನಂಗೆ ಓದಕ್ಕೆ ಬರಲ್ಲ. ಮೂರನೇ ಹಾಳೇಲಿದೆ ಅಂತಾರೆ."

ನಾನೇ ಓದಿದೆ. 'ವಾಲ್ವ್ ಕೆಟ್ಟಿರುವುದು ನನಗೆ ತಿಳಿದಿತ್ತು. ಯಾರಿಗೂ ತಿಳಿಸಲಿಲ್ಲ. ನಾನೇ ಅವನನ್ನು ಮೇಲೆ ಹತ್ತಿಸಿದೆ.' ಓದುತ್ತಿದ್ದಾಗ ಅವರು ನೆಲ ನೋಡುತ್ತಿದ್ದರು.

"ನಾನು ಹಾಗೆ ಹೇಳೇ ಇಲ್ಲ" ಎಂದರು. "ಮೇಲಿನೋರಿಗೆ ಮೂರು ಸಲ ತಿಳಿಸಿದ್ದೀನಿ ಅಂತಾನೇ ಹೇಳಿದ್ದು. ಆದ್ರೆ ಪಕ್ಕದ ಮನೆಯವರು ಇದನ್ನ ನನ್ನ ಹೆಂಡ್ತಿಗೆ ಓದಿ ಹೇಳಿಬಿಟ್ರು. ಕಾಗದದಲ್ಲಿ ಬರೆದಿದ್ದು ಸುಳ್ಳಾಗುತ್ತಾ ಅಂದ್ಲು. ನಿಮ್ಮ ಹೆಬ್ಬೆಟ್ಟೇ ಇದ್ಯಲ್ಲ ಅಂದ್ಲು. ಅಷ್ಟೇ. ಆಮೇಲೆ ಆ ವಿಷಯ ಎತ್ತಿಲ್ಲ."

"ಮಾತಾಡ್ತಾರಾ?" ಚಿಕ್ಕಮ್ಮ ಕೇಳಿದಳು.

"ಊಟಕ್ಕೆ ಬನ್ನಿ ಅಂತಾಳೆ. ಬಟ್ಟೆ ಒಗೀತಾಳೆ. ತಮ್ಮನ ಹೆಸರು ಬಂದ್ರೆ ನನ್ನ ಹಣೆಬರಹ ಅಂತ ಎದ್ದು ಹೋಗ್ತಾಳೆ."

ನನ್ನ ಮೈ ಉರಿಯಿತು. ಒಂದು ಹಾಳೆಯ ಮೇಲೆ ಕುಟ್ಟಿದ ಮೂರು ವಾಕ್ಯ ಆ ಹೆಂಗಸಿಗೆ ಹಣೆಬರಹವಾಗಿ ಕೂತಿದೆ! ನಮ್ಮ ಭಾಷೆಯಲ್ಲಿ ಬರೆ ಎಂದರೆ ಬರೆಯುವುದೂ ಹೌದು, ಚಿತ್ರ ತೆಗೆಯುವುದೂ ಹೌದು, ಕಾದ ಕಬ್ಬಿಣದಿಂದ ಮೈಮೇಲೆ ಎಳೆಯುವುದೂ ಹೌದು. ಮಕ್ಕಳಿಗೆ ಇದನ್ನು ಪಾಠದಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಮೂರನೆಯದರ ನೋವು ಏನೆಂದು ಆವತ್ತು ನೋಡಿದೆ.

ಚಿಕ್ಕಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು. ಒಂದನೆಯದು, ಎರಡನೆಯದು, ನಾಲ್ಕನೆಯದು, ಮತ್ತೆ ಮೂರನೆಯದು.

"ಇದು ನಂದಲ್ಲ" ಎಂದಳು. "ನನ್ನ ಮೆಷೀನ್‌ನಲ್ಲಿ 'ರ' ಒಂದು ಎಳೆ ಕೆಳಗೆ ಬೀಳ್ತಿತ್ತು. ಸರಿ ಮಾಡಿಸಿ ಮಾಡಿಸಿ ಸಾಕಾಗಿ ಬಿಟ್ಟಿದ್ದೆ. ಈ ಹಾಳೇಲಿ ನೋಡು, ಒಂದೊಂದು 'ರ'ನೂ ಸಿಪಾಯಿ ಥರ ನಿಂತಿದೆ. ಇಷ್ಟು ಚೆನ್ನಾಗಿ ಅದು ಜನ್ಮದಲ್ಲಿ ಹೊಡೆದಿಲ್ಲ."

ಹೆಬ್ಬೆಟ್ಟು ಇದ್ದದ್ದು ಕೊನೆಯ ಹಾಳೆಯ ಮೇಲೆ ಮಾತ್ರ. ಮಧ್ಯದ ಹಾಳೆಗಳಿಗೆ ವಿಚಾರಣೆ ಮಾಡಿದ ಸಿಬ್ಬಂದಿ ಅಧಿಕಾರಿಯ ಚಿಕ್ಕ ಸಹಿ. ಆ ಅಧಿಕಾರಿಗೆ ಕಚೇರಿಯಲ್ಲಿ 'ಇಸ್ತ್ರಿ' ಎಂದು ಹೆಸರು, ಅಂಗಿಯ ಮೇಲೆ ಒಂದು ಸುಕ್ಕು ಸಹಿಸುತ್ತಿರಲಿಲ್ಲವಂತೆ. ಮಧ್ಯದ ಒಂದು ಹಾಳೆ ಎಳೆದು ಇನ್ನೊಂದು ತೂರಿಸುವುದು ಅವರಿಗೆಷ್ಟು ಹೊತ್ತಿನ ಕೆಲಸ? ಅನ್ನ ತಿನ್ನುವ ಬಾಯಲ್ಲಿ ಏನು ತಿನ್ನುತ್ತಾರೋ ಇಂಥವರು, ನನಗೆ ತಿಳಿಯದು.

ಟ್ರಂಕು ಎಳೆದೆವು. ಸದ್ದಿಗೆ ಅಪ್ಪ ಬಾಗಿಲಿಗೆ ಬಂದರು. "ಏನಿದು, ಕಾಗೆಗಳನ್ನೆಲ್ಲ ಬಿಸಿಲಿಗೆ ಹಾಕ್ತಿದ್ದೀರಾ?" ಎಂದರು.

"ಅಪ್ಪಾ, ನೀವು ಸ್ವಲ್ಪ ಬಾಯಿ ಮುಚ್ಕೊಂಡು ಹೋಗ್ತೀರಾ?" ಎಂದೆ. ನಲವತ್ತು ವರ್ಷದ ಮಗಳು ಅಪ್ಪನಿಗೆ ಆಡಬಾರದ ಮಾತು. ಆಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಅಪ್ಪ ಹೋದರು.

ಎಲ್ಲ ನೋಟ್‌ಬುಕ್ಕಿನ ಬೆನ್ನಿಗೂ ತಾರೀಖು ಇತ್ತು, ಹುಡುಕಲು ಕಾಲು ಗಂಟೆ ಸಾಕಾಯಿತು. ಬಾಯ್ಲರ್‌ನವರು ಪುಸ್ತಕದ ಕಡೆ ಕೈ ಚಾಚಿದಾಗ ಚಿಕ್ಕಮ್ಮ ಅದನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡ. ನೀವು ಇದನ್ನ ನೋಡ್ಬೇಡಿ. ಕೇಳ್ಬೇಡಿ ಕೂಡ. ನಾನೇ ಹೇಳಿಕೊಟ್ಟೆ ಅಂತಾರೆ. ಅರ್ಜಿ ಟೈಪ್ ಮಾಡಿ ಕೊಡ್ತೀನಿ, ಮನೆಗೆ ಹೋಗಿ." ಅವರು ಹೋದ ಮೇಲೆ ಬಾಗಿಲು ಹಾಕಿ ನನಗೊಬ್ಬಳಿಗೆ ಓದಿ ಹೇಳಿದಳು.

ಒಂಬತ್ತು ವರ್ಷದ ಹಿಂದಿನ ಆ ವಿಚಾರಣೆಯ ಕೋಣೆ ಪುಟದ ಮೇಲೆ ಇದ್ದ ಹಾಗೇ ಇತ್ತು. ಬಾಯ್ಲರ್‌ನವರ ಒಂದೊಂದು ಮಾತು, ಇಸ್ತ್ರಿ ಸಾಹೇಬರ ಒಂದೊಂದು ಮಾತು. ವಾಲ್ವ್ ಸಿಕ್ಕಿಕೊಳ್ಳುತ್ತಿದೆ ಎಂದು ಸೂಪರ್‌ವೈಸರ್‌ಗೆ ಎರಡು ಸಲ, ಇಂಜಿನಿಯರ್‌ಗೆ ಒಂದು ಸಲ ಹೇಳಿದ್ದರು. ಯಾವ ದಿನ ಎಂದು ಕೇಳಿದ್ದಕ್ಕೆ ಬಾಯ್ಲರ್‌ನವರು, ಗೋಡೆಯ ಮೇಲೆ ಬರೆದಿದ್ದೇನೆ ಎಂದಿದ್ದರು. ನಿನಗೆ ಬರೆಯಲು ಬರುವುದಿಲ್ಲವಲ್ಲ ಎಂದು ಸಾಹೇಬರು. ನನ್ನ ಬರಹ ಸಾಹೇಬ್ರೆ, ಎಂದು ಇವರು. ಬಾಯ್ಲರ್ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗುರುತು ಹಾಕುತ್ತಿದ್ದರಂತೆ. ಕೊನೆಯ ಹನ್ನೆರಡು ದಿನದ ಗುರುತುಗಳನ್ನು ಅಲ್ಲೇ ಮೇಜಿನ ಮೇಲೆ ಬೆರಳನ್ನು ಚಹಾದ ಲೋಟದಲ್ಲಿ ಅದ್ದಿ ಬರೆದು ತೋರಿಸಿದ್ದಾರೆ. ಮೇಜು ಕೊಳೆ ಮಾಡಬೇಡ ಎಂದು ಸಾಹೇಬರು ಗದರಿ, ಚಿಕ್ಕಮ್ಮನ ಕಡೆ ತಿರುಗಿ, ಇದೆಲ್ಲ ಬರ್ಕೋಬೇಡಿ ಎಂದಿದ್ದಾರೆ. ಚಿಕ್ಕಮ್ಮ ಗುರುತುಗಳನ್ನು ಇದ್ದ ಹಾಗೇ ನಕಲು ಮಾಡಿಕೊಂಡಿದ್ದಾಳೆ, ಬರ್ಕೋಬೇಡಿ ಎಂಬುದನ್ನೂ ಸೇರಿಸಿ.

ಆ ಗೋಡೆ ಏನಾಯಿತು ಎಂದು ಕೇಳಿದೆ. "ಮಾರನೇ ದಿನವೇ ಸುಣ್ಣ ಬಳಿದ್ರು" ಎಂದಳು. ಲಿಪಿ ಎಂಬ ಮಾತಿನ ಬೇರು ಬಳಿಯುವುದು, ಲೇಪಿಸುವುದು ಎಂದು ನಿಘಂಟಿನಲ್ಲಿದೆ. ಮೊದಮೊದಲು ಮಸಿ ಬಳಿದು ಬರೆದರಂತೆ, ಅದಕ್ಕೆ ಆ ಹೆಸರು. ಬರೆದದ್ದರ ಮೇಲೆ ಬಳಿಯುವವರನ್ನು ಏನೆನ್ನಬೇಕೋ ನಿಘಂಟಿನಲ್ಲಿಲ್ಲ. ನನ್ನ ಬಾಯಲ್ಲಿ ಎರಡು ಮೂರು ಶಬ್ದ ಬಂದವು, ಇಲ್ಲಿ ಬರೆಯುವಂಥವಲ್ಲ.

"ಆವತ್ತೇ ನೀನು ಹೋಗಿ ಫೈಲ್ ನೋಡ್ಬಾರ್ದಿತ್ತಾ ಚಿಕ್ಕಮ್ಮ?" ಎಂದು ಅವಳ ಮೇಲೂ ಹರಿಹಾಯ್ದೆ.

"ನನ್ನ ಕೈಗೆ ಬಂದಿದ್ದನ್ನ ಟೈಪ್ ಮಾಡಿ ಕೊಟ್ಟೆ. ಆಮೇಲೆ ಯಾರು ಹಾಳೆ ಬದಲಾಯಿಸ್ತಾರೆ ಅಂತ ಕಾಯ್ಕೊಂಡು ಕೂರ್ತಾರಾ ಯಾರಾದ್ರೂ?" ಎಂದಳು. ಪುಸ್ತಕ ಮುಚ್ಚಿಟ್ಟು ತಾನೇ, "ನೋಡಬೇಕಿತ್ತು" ಎಂದಳು.

ನ್ಯಾಯಮಂಡಳಿಯಲ್ಲಿ ಅರ್ಜಿ ದಾಖಲಾಗಿ ನಮ್ಮ ಸರದಿ ಬರಲು ಏಳು ತಿಂಗಳು ಹಿಡಿಯಿತು. ಮೂರನೆಯ ಮಹಡಿಯ ಒಂದು ಉದ್ದ ಕೋಣೆ. ಕಿಟಕಿಯ ಗಾಜಿಗೆ ಹಳೆಯ ಕ್ಯಾಲೆಂಡರು ಅಂಟಿಸಿತ್ತು, ಫ್ಯಾನು ಅಳುತ್ತಿತ್ತು. ಎತ್ತರದ ಕುರ್ಚಿಯಲ್ಲಿ ಅಧ್ಯಕ್ಷರು, ಮಾತು ಕಡಿಮೆ, ಮುಖ ಗಂಟು. ಗಿರಣಿಯ ಪರವಾಗಿ ಕರಿ ಕೋಟಿನ ವಕೀಲರು, ಅವರ ಹಿಂದೆ ಇಸ್ತ್ರಿ ಸಾಹೇಬರು. ನಮ್ಮ ಕಡೆ ಸಂಘದ ಕಾರ್ಯದರ್ಶಿ. ಚಿಕ್ಕಮ್ಮನ ಸಾಕ್ಷಿ ಮುಗಿಯುವ ತನಕ ಬಾಯ್ಲರ್‌ನವರು ಹೊರಗೆ ಇರಬೇಕು ಎಂದು ಗಿರಣಿಯ ವಕೀಲರೇ ಕೇಳಿಕೊಂಡರು. ಅವರನ್ನು ಕೆಳಗಿನ ಮೆಟ್ಟಿಲ ಹತ್ತಿರ ಒಬ್ಬ ಜವಾನನ ಜೊತೆ ಕೂರಿಸಿದರು. ಅವರ ಹೆಂಡತಿ ಬಂದಿರಲಿಲ್ಲ.

ಚಿಕ್ಕಮ್ಮ ನೋಟ್‌ಬುಕ್ಕು ತೆರೆದಳು. ವಕೀಲರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ಯಾವ ಭಾಷೆ?"

"ನಾವೀಗ ಮಾತಾಡ್ತಿರೋ ಭಾಷೇನೇ. ಲಿಪಿ ಶೀಘ್ರಲಿಪಿ."

"ಲಿಪಿ!" ವಕೀಲರು ಅಧ್ಯಕ್ಷರ ಕಡೆ ತಿರುಗಿದರು. "ಸ್ವಾಮಿ, ಲಿಪಿ ಅನ್ನಬೇಕಾದ್ರೆ ಬರೆದವರನ್ನ ಬಿಟ್ಟು ಇನ್ನೊಬ್ಬರು ಓದೋ ಹಾಗಿರಬೇಕು. ಇಲ್ಲದಿದ್ರೆ ಅದು ಗೀಚು. ನಮ್ಮ ಮೊಮ್ಮಗೂನೂ ಗೀಚುತ್ತೆ, ಕೇಳಿದ್ರೆ ಆನೆ ಅನ್ನುತ್ತೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಚಿಕ್ಕಮ್ಮನ ಕಿವಿ ಕೆಂಪಾದದ್ದು ನನಗೆ ಕಂಡಿತು. ಜೀವಮಾನವಿಡೀ ಮನೆಯಲ್ಲಿ ಕೇಳಿದ ಮಾತನ್ನು ಇಲ್ಲಿ ಬಂದೂ ಕೇಳಬೇಕಾಯಿತಲ್ಲ ಎಂದು ನಾನು ತಿರುಗಿ ನಕ್ಕವರನ್ನು ದುರುಗುಟ್ಟಿದೆ.

ಗಿರಣಿಯವರು ಒಬ್ಬ ಪರಿಣತರನ್ನೂ ಕರೆಸಿದ್ದರು, ಶೀಘ್ರಲಿಪಿ ಕಲಿಸುವ ಮೇಷ್ಟರು. ಪಾಪ, ಸಜ್ಜನರು. ಕನ್ನಡಕ ಏರಿಸಿ ಇಳಿಸಿ ಓದಲು ಕೂತರು. ಮೂರು ಸಾಲಿಗೆ ಒಂದು ಸಾಲು ಓದಿದರು. ಮಧ್ಯೆ ಮಧ್ಯೆ ತಡವರಿಸಿ, "ಈ ಕೊಕ್ಕೆ ಪುಸ್ತಕದಲ್ಲಿಲ್ಲ, ಈ ಅಲೆ ಏನೋ ತಿಳೀತಿಲ್ಲ" ಎಂದರು. "ಲಿಪಿ ಸರಿಯಾದದ್ದೇ ಸ್ವಾಮಿ. ಆದ್ರೆ ಅರ್ಧಕ್ಕರ್ಧ ಅವರ ಸ್ವಂತದ ಗುರುತುಗಳು. ನನ್ನ ನೋಟ್‌ಬುಕ್ಕನ್ನ ಅವರಿಗೆ ಕೊಟ್ರೂ ಹೀಗೇ ಆಗುತ್ತೆ."

ವಕೀಲರು ಕೊನೆಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. "ಪರಿಣತರಿಗೇ ಓದಲು ಬರಲಿಲ್ಲ, ದಾಖಲಿಸಿಕೊಳ್ಳಬೇಕು" ಎಂದರು. ಇಸ್ತ್ರಿ ಸಾಹೇಬರು ತೋಳಿನ ಮಡಿಕೆ ಸವರಿಕೊಂಡರು. ಚಿಕ್ಕಮ್ಮ ಮೂವತ್ತೊಂದು ವರ್ಷ ಕೆಲಸ ಬೇಗ ಆಗಲಿ ಎಂದು ಇವರಿಗೋಸ್ಕರ ಮಾಡಿಕೊಂಡ ಗುರುತುಗಳನ್ನು ಇವರೇ ಅವಳ ಕೊರಳಿಗೆ ಸುತ್ತುತ್ತಿದ್ದರು. ಎದ್ದು ಕಿರುಚಿಬಿಡಬೇಕು ಎನ್ನಿಸಿತು. ಕಾರ್ಯದರ್ಶಿ ನನ್ನ ಸೆರಗು ಹಿಡಿದು ಕೂರಿಸಿದರು.

ಚಿಕ್ಕಮ್ಮ ಅಧ್ಯಕ್ಷರನ್ನು ನೋಡಿದಳು. "ಒಂದು ಮಾತು ಹೇಳ್ಬಹುದಾ? ಈ ಪುಟದಲ್ಲಿ ಎರಡು ಲಿಪಿ ಇದೆ. ಮೇಲಿನದು ನಂದು. ಕೆಳಗಿನದು ಬಾಯ್ಲರ್‌ನೋರದ್ದು. ಅವರು ಮೇಜಿನ ಮೇಲೆ ಬರೆದಿದ್ದನ್ನ ನಾನು ನೋಡಿ ನಕಲು ಮಾಡಿದ್ದೀನಿ. ಅದನ್ನ ಬರೀ ಗುರುತು ನೋಡಿ ನಾನೂ ಓದಲಾರೆ. ಅವರು ಆವತ್ತು ಬಾಯಲ್ಲಿ ಹೇಳಿದ ಅರ್ಥ ನನ್ನ ಲಿಪೀಲಿದೆ. ಮೊದಲು ನಾನು ನಂದು ಓದ್ತೀನಿ, ನಿಮ್ಮ ಟೈಪಿಸ್ಟ್ ಬರ್ಕೊಳ್ಳಲಿ. ಆಮೇಲೆ ಅವರನ್ನ ಕರೆದು ಅವರದ್ದನ್ನ ಓದಿಸಿ. ಈ ಪುಸ್ತಕ ಅವರು ಇವತ್ತಿನ ತನಕ ನೋಡಿಲ್ಲ."

ವಕೀಲರು ಆಕ್ಷೇಪಿಸಿದರು. ಅಧ್ಯಕ್ಷರು ಕೈ ಎತ್ತಿ ಸುಮ್ಮನಾಗಿಸಿದರು. "ವಾಲ್ವಿಗೆ ಸಂಬಂಧಪಟ್ಟ ಭಾಗ ಮಾತ್ರ ಓದಿ."

ಅವಳು ಓದಿದಳು. ಒಂದು ಕಡೆಯೂ ತೊದಲಲಿಲ್ಲ. ಟೈಪಿಸ್ಟ್ ಕುಟ್ಟಿ ಮುಗಿಸಿದ ಹಾಳೆ ಅಧ್ಯಕ್ಷರ ಮೇಜಿನ ಮೇಲೆ ಬಂತು. ಆಮೇಲೆ ಬಾಯ್ಲರ್‌ನವರನ್ನು ಕರೆದರು.

ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಬಂದರು. ವಕೀಲರು ಮೇಲಿನ ಭಾಗವನ್ನು ಕಾಗದದಿಂದ ಮುಚ್ಚಿ ನೋಟ್‌ಬುಕ್ಕನ್ನು ಅವರ ಮುಂದಿಟ್ಟರು. ಬಾಯ್ಲರ್‌ನವರು ಒಂದು ಕ್ಷಣ ನೋಡಿ ಪುಸ್ತಕವನ್ನು ತಿರುಗಿಸಿ ಇಟ್ಟುಕೊಂಡರು. ಓದಿದ ವಕೀಲರು ಅದನ್ನು ತಲೆಕೆಳಗಾಗಿ ಇಟ್ಟಿದ್ದರು. ಈ ಸಲ ಹಿಂದಿನ ಬೆಂಚು ನಗಲಿಲ್ಲ.

"ಇದೇನು ಅಂತ ಗೊತ್ತಾ?" ಅಧ್ಯಕ್ಷರು ಕೇಳಿದರು.

"ನನ್ನ ಗೋಡೆ ಸ್ವಾಮಿ" ಎಂದರು. ಬೆರಳನ್ನು ಬಲಗಡೆಯ ಕೊನೆಗೆ ಇಟ್ಟರು. "ಬಾಗಿಲ ಕಡೆಯಿಂದ ಬರಬೇಕು. ಉದ್ದ ಗೆರೆ, ಆವತ್ತು ಚೆನ್ನಾಗಿತ್ತು. ಇದೂ ಚೆನ್ನಾಗಿತ್ತು. ಇಲ್ಲಿ ಗೆರೆಗೆ ಅಡ್ಡ ಇದೆಯಲ್ಲ, ಕೈಲಿ ಎತ್ತಿದ ಮೇಲೆ ವಾಲ್ವ್ ಬಿಡ್ತು. ಮತ್ತೆ ಉದ್ದ ಗೆರೆ. ಇದು ಗುಂಡು, ಸಿಕ್ಕಾಕ್ಕೊಂಡಿತ್ತು. ಗುಂಡಿನೊಳಗೆ ಚುಕ್ಕಿ, ಸೂಪರ್‌ವೈಸರ್‌ಗೆ ಹೇಳಿದೆ."

ಅಧ್ಯಕ್ಷರು ಟೈಪ್ ಮಾಡಿದ ಹಾಳೆಯ ಮೇಲೆ ಒಂದೊಂದಾಗಿ ಟಿಕ್ ಹಾಕುತ್ತ ಬಂದರು. ಏಳು, ಎಂಟು. ಒಂಬತ್ತನೆಯದಕ್ಕೆ ಮತ್ತೆ ಚುಕ್ಕಿ, ಮತ್ತೆ ಸೂಪರ್‌ವೈಸರ್. ಹತ್ತನೆಯದು ಗುಂಡು. ಹನ್ನೊಂದನೆಯದಕ್ಕೆ ಎರಡು ಚುಕ್ಕಿ. "ಇದು ಇಂಜಿನಿಯರ್ ಸಾಹೇಬ್ರಿಗೆ. ಈ ತಿಂಗಳ ಮಾಲು ಹೋಗ್ಲಿ, ಆಮೇಲೆ ನೋಡೋಣ ಅಂದ್ರು."

ವಕೀಲರು ಎದ್ದರು. "ಒಂಬತ್ತು ವರ್ಷದ ಹಿಂದೆ ಯಾವ ದಿನ ಏನಾಯ್ತು ಅಂತ ಇಷ್ಟು ಚೆನ್ನಾಗಿ ನೆನಪಿದ್ಯಾ ನಿಮಗೆ?"

"ನೆನಪಿಲ್ಲ ಸ್ವಾಮಿ" ಎಂದರು ಬಾಯ್ಲರ್‌ನವರು. "ಓದ್ತಾ ಇದ್ದೀನಿ."

ಅಧ್ಯಕ್ಷರ ಪೆನ್ನು ನಿಂತಿತು. "ಕೊನೆಯದು?" ಎಂದರು.

ಹನ್ನೆರಡನೆಯದು ಅರ್ಧ ಗುಂಡು. ಬಾಯ್ಲರ್‌ನವರ ಬೆರಳು ಅದರ ಮೇಲೆ ಹೋಗಲಿಲ್ಲ, ಪಕ್ಕದಲ್ಲಿ ನಿಂತಿತು. "ಇದು ಪೂರ್ತಿ ಆಗಲಿಲ್ಲ. ಬರೀತಿದ್ದೆ. ಅಷ್ಟರಲ್ಲಿ ಮೇಲೆ ಸದ್ದಾಯ್ತು."

ಅಧ್ಯಕ್ಷರು ಹಾಳೆಯ ಕೊನೆಯ ಸಾಲಿಗೆ ಟಿಕ್ ಹಾಕಿದರು. ಇಸ್ತ್ರಿ ಸಾಹೇಬರು ಕೆಳಗೆ ಬಿದ್ದ ಏನನ್ನೋ ಹುಡುಕುವವರಂತೆ ಬಗ್ಗಿದರು. ಆ ಬಗ್ಗಿದ ತಲೆಯನ್ನು ಅವರು ಬಹಳ ಹೊತ್ತು ಎತ್ತಲಿಲ್ಲ. ನನಗೆ ಅಯ್ಯೋ ಎನ್ನಿಸಲಿಲ್ಲ, ಎನ್ನಿಸಬೇಕು ಎಂದೂ ಅನ್ನಿಸಲಿಲ್ಲ.

ಆದೇಶ ಬರಲು ಮತ್ತೆ ಎರಡು ತಿಂಗಳು. ಅದರ ಜೊತೆ ನೋಟ್‌ಬುಕ್ಕೂ ಮುದ್ರೆ ಹಾಕಿದ ಲಕೋಟೆಯಲ್ಲಿ ಹಿಂದಿರುಗಿ ಬಂತು. ಆ ಸಂಜೆ ಬಾಯ್ಲರ್‌ನವರು ಬಂದರು, ಜೊತೆಗೆ ಅವರ ಹೆಂಡತಿ. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಗಂಡನ ಪಕ್ಕದ ಕುರ್ಚಿ ಬಿಟ್ಟು ಬಾಗಿಲ ಹತ್ತಿರದ ಟ್ರಂಕಿನ ಮೇಲೆ ಕೂತರು.

ಚಿಕ್ಕಮ್ಮ ಆದೇಶ ಓದಿದಳು. ಮೂರನೆಯ ಪುಟ ನಂಬಲರ್ಹವಲ್ಲ. ವಾಲ್ವಿನ ದೋಷವನ್ನು ಮೂರು ಬಾರಿ ಮೇಲಿನವರ ಗಮನಕ್ಕೆ ತರಲಾಗಿತ್ತು. ಸಾವಿಗೆ ಬಾಯ್ಲರ್‌ನವರ ನಿರ್ಲಕ್ಷ್ಯ ಕಾರಣವೆಂಬ ತೀರ್ಮಾನವನ್ನು ರದ್ದು ಮಾಡಿದೆ. ಇಷ್ಟೆಲ್ಲ ಸರಿ, ಮಧ್ಯದಲ್ಲಿ ಒಂದು ಕಡೆ 'ಅರ್ಜಿದಾರನು ಅನಕ್ಷರಸ್ಥನಾಗಿದ್ದರೂ' ಎಂದಿತ್ತು. ನನಗೆ ತಡೆಯಲಾಗಲಿಲ್ಲ. ಅಕ್ಷರವೆಂದರೆ ಅಳಿಯದ್ದು ಎಂದು ಅರ್ಥ. ಸುಣ್ಣ ಬಳಿದರೂ ಅಳಿಯದ್ದನ್ನು ಬರೆದು, ಅವರ ಕಣ್ಣೆದುರೇ ಓದಿ ತೋರಿಸಿದ ಮನುಷ್ಯನಿಗೆ ಈ ಶಬ್ದವೇ? ಒಂದು ಕಾಗದ ಬರೆದು ತಿದ್ದಿಸಬೇಕು ಎಂದು ಕೂಗಾಡಿದೆ.

"ಬಿಡೇ" ಎಂದಳು ಚಿಕ್ಕಮ್ಮ. "ಒಂದೊಂದೇ."

ಬಾಯ್ಲರ್‌ನವರು ಆದೇಶದ ಹಾಳೆಗಳನ್ನು ಮಡಚಿ ಹೆಂಡತಿಯ ಕಡೆ ಚಾಚಿದರು. ಆಕೆ ತೆಗೆದುಕೊಳ್ಳಲಿಲ್ಲ.

"ಅದೂ ಕಾಗದವೇ" ಎಂದರು. ದನಿ ಒರಟಾಗಿತ್ತು. "ಮೊದಲು ಒಂದು ಕಾಗದ ಓದಿ ನನ್ನ ಗಂಡನೇ ಕೊಂದ ಅಂದ್ರು. ಈಗ ಇನ್ನೊಂದು ಓದಿ ಇಲ್ಲ ಅಂತೀರಿ. ನಂಗೆ ಗಿರಣಿಯೋರ ಮಾತು ಸಾಕಾಗಿ ಹೋಗಿದೆ. ನಿಮ್ಮ ಆ ಪುಸ್ತಕದಲ್ಲಿ ನನ್ನ ತಮ್ಮನ ಮಾತು ಏನಾದ್ರೂ ಇದ್ಯಾ?"

ಇದೆ ಎಂದು ನನಗೆ ಗೊತ್ತಿತ್ತು, ಬಾಗಿಲು ಹಾಕಿಕೊಂಡು ಓದಿದ ದಿನವೇ ಕೇಳಿದ್ದೆ. ಮಂಡಳಿಯಲ್ಲಿ ಅದನ್ನು ಓದುವ ಪ್ರಸಂಗ ಬರಲಿಲ್ಲ. ಆಕೆಗೆ ಹೇಳಿಬಿಡೋಣ ಎಂದು ನಾನೆಷ್ಟು ಗೋಗರೆದರೂ ಚಿಕ್ಕಮ್ಮ ಒಪ್ಪಿರಲಿಲ್ಲ, ಕೇಳದವರಿಗೆ ಓದಿ ಹೇಳೋದು ನನ್ನ ಕೆಲಸ ಅಲ್ಲ ಎಂದಿದ್ದಳು.

"ಬೇಡಮ್ಮಾ" ಎಂದರು ಬಾಯ್ಲರ್‌ನವರು. "ಅದನ್ನ ಬಿಟ್ಟುಬಿಡಿ."

"ಅವರು ಕೇಳಿದ್ದಾರೆ. ಓದ್ತೀನಿ" ಎಂದು ಚಿಕ್ಕಮ್ಮ ಲಕೋಟೆ ಹರಿದಳು. ಪುಟ ಸಿಕ್ಕಿತು. ಅವಳು ಓದುವಾಗ ದನಿಗೆ ಏನೂ ಸೇರಿಸುವುದಿಲ್ಲ, ಪದಗಳನ್ನು ಒಂದರ ಪಕ್ಕ ಒಂದು ಇಡುತ್ತಾಳೆ ಅಷ್ಟೇ.

"ಪ್ರಶ್ನೆ: ಅವನನ್ನ ಮೇಲೆ ಹತ್ತಿಸಿದ್ದು ಯಾರು? ಉತ್ತರ: ನಾನೇ ಹತ್ತಕ್ಕೆ ಹೋದೆ ಸಾಹೇಬ್ರೆ. ಅವನು ತೋಳು ಹಿಡಿದು ಎಳೆದ. ನಿಮ್ಮ ಮೊಣಕಾಲು ಕೇಳಲ್ಲ ಭಾವ, ನೀವು ಕೆಳಗೆ ನಿಂತು ಗೋಡೆ ಮೇಲೆ ಬರ್ಕೊಳ್ಳಿ, ನಾನು ನೋಡ್ತೀನಿ ಅಂದ. ಬೇಡ ಕಣೋ ಅಂದೆ. ಅಷ್ಟರಲ್ಲಿ ಏಣಿ ಮೇಲಿದ್ದ. ಅರ್ಧ ಹತ್ತಿ ತಿರುಗಿ ನೋಡಿದ. ಅಕ್ಕಂಗೆ ಮಾತ್ರ ಹೇಳ್ಬೇಡಿ ಭಾವ, ನಾನು ಇಲ್ಲಿ ಹತ್ತಿದೆ ಅಂತ ಗೊತ್ತಾದ್ರೆ ಇವತ್ತು ಊಟ ಹಾಕಲ್ಲ ಅಂದ. ನಕ್ಕ. ಸಾಹೇಬರು: ಇದೆಲ್ಲ ವಿಷಯಕ್ಕೆ ಬೇಡದ್ದು. ಬರ್ಕೋಬೇಡಿ."

ಚಿಕ್ಕಮ್ಮ ಪುಸ್ತಕ ಮುಚ್ಚಿದಳು. ಆಕೆ ಟ್ರಂಕಿನ ಮೇಲಿಂದ ಎದ್ದರು. ಬಿಕ್ಕುತ್ತಾರೆ ಎಂದುಕೊಂಡೆ, ಇಲ್ಲ. ಸೀದಾ ಬಂದು ಗಂಡನ ಎದುರು ನಿಂತರು.

"ಒಂಬತ್ತು ವರ್ಷ" ಎಂದರು. "ಒಂಬತ್ತು ವರ್ಷ ನಾನು ನಿಮ್ಮ ಮುಖ ನೋಡ್ದೆ ಅನ್ನ ಬಡಿಸಿದ್ದೀನಿ. ಇದೊಂದು ಮಾತು ನಂಗೆ ಹೇಳ್ಬಾರ್ದಿತ್ತಾ ನೀವು?"

ಬಾಯ್ಲರ್‌ನವರು ತಲೆ ಎತ್ತಲಿಲ್ಲ.

"ಹೇಳ್ಬೇಡಿ ಅಂದಿದ್ನಲ್ಲೇ" ಎಂದರು.